ಯೆಲ್ಲೋಸ್ಟೋನ್‌ನ ರಫ್‌ರೈಡರ್ ಕ್ಯಾಬಿನ್: ಸೌದೆ ಒಲೆ, ಇಲಿ, ರಾತ್ರಿಯ ಚಳಿಗೆ ಏನು ತಯಾರಿ?

ಹೊಸಹಾದಿ:
ಜೂನ್ ಎರಡನೇ ವಾರ ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೇವೆ. ಟವರ್ ಜಂಕ್ಷನ್ ಹತ್ತಿರದ ರೂಸ್‌ವೆಲ್ಟ್ ಲಾಡ್ಜ್‌ನಲ್ಲಿ ರಫ್‌ರೈಡರ್ ಕ್ಯಾಬಿನ್ ಸಿಕ್ಕಿದೆ. ಜೊತೆಗೆ ವಯಸ್ಸಾದ ಅಮ್ಮ, ಆರು ವರ್ಷದ ಮಗಳು. ಒಳಗೆ ಬಾತ್‌ರೂಮ್ ಇಲ್ಲ, ಚಳಿಗೆ ಸೌದೆ ಒಲೆಯೇ ಗತಿ ಅಂತ ಗೊತ್ತು. ಆದರೆ ಒಲೆ ಹಚ್ಚಿ ನಮಗ್ಯಾರಿಗೂ ಅಭ್ಯಾಸವಿಲ್ಲ. ರಾತ್ರಿಯಿಡೀ ಉರಿಸಬೇಕಾ? ಹೊಗೆ ತುಂಬಿದರೆ? ಇಲಿ ಇರುತ್ತೆ ಅಂತಾರೆ, ಅದಕ್ಕೇನು ಮಾಡೋದು? ಅಮ್ಮನಿಗೆ ಅನ್ನ ಬೇಕೇ ಬೇಕು, ಕುಕ್ಕರ್ ತಗೊಂಡು ಹೋಗಬಹುದಾ?

ಸೌದೆಗೂಡು:
ಮೊದಲು ಒಲೆ ವಿಷಯ. ಲಾಡ್ಜ್ ಇರೋದು ಸುಮಾರು 1,900 ಮೀಟರ್ ಎತ್ತರದಲ್ಲಿ. ಜೂನ್‌ನಲ್ಲೂ ರಾತ್ರಿ ಉಷ್ಣಾಂಶ ಸೊನ್ನೆ ಡಿಗ್ರಿ ಹತ್ತಿರ ಇಳಿಯಬಹುದು, ಹಿಮವೂ ಬೀಳಬಹುದು. ಹಾಗಂತ ರಾತ್ರಿಯಿಡೀ ಉರಿಸೋಕೆ ಹೋಗಬೇಡಿ. ಮಲಗುವ ಮುಂಚೆ ಒಂದು ಗಂಟೆ, ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಸಾಕು. ನಡುವಿನ ಹೊತ್ತಿಗೆ ಟೋಪಿ, ಉಣ್ಣೆ ಕಾಲುಚೀಲ, ಮನೆಯಿಂದ ತಂದ ಒಂದೊಂದು ಹೆಚ್ಚುವರಿ ಕಂಬಳಿ.

ಹೊಗೆ ಒಳಗೆ ತುಂಬೋದಕ್ಕೆ ಹೆಚ್ಚಿನ ಸಲ ಕಾರಣ ತಣ್ಣಗಿರುವ ಕೊಳವೆ. ಕೊಳವೆಯೊಳಗಿನ ತಂಪು ಗಾಳಿ ಭಾರವಾಗಿ ಕೆಳಗೆ ಒತ್ತುತ್ತೆ, ಹೊಗೆಗೆ ಮೇಲೆ ಹೋಗಲು ದಾರಿ ಇರಲ್ಲ. ಅದಕ್ಕೇ ಮೊದಲು ಒಲೆಯ ಗಾಳಿಕಿಂಡಿ ಪೂರ್ತಿ ತೆರೆಯಿರಿ. ಕೊಳವೆಯಲ್ಲಿ ಡ್ಯಾಂಪರ್ (ಹೊಗೆಯ ದಾರಿ ತೆರೆದು ಮುಚ್ಚುವ ತಗಡು) ಇದ್ದರೆ ಅದರ ಹಿಡಿ ನೋಡಿ: ಸಾಮಾನ್ಯವಾಗಿ ಕೊಳವೆಯ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಒಂದು ಕಾಗದ ಸುರುಳಿ ಸುತ್ತಿ ಹಚ್ಚಿ ಕೊಳವೆಯ ಬಾಯಿಗೆ ಹಿಡಿಯಿರಿ. ಜ್ವಾಲೆ ಮೇಲಕ್ಕೆ ಎಳೆದುಕೊಳ್ಳಲು ಶುರುವಾದ ಮೇಲೆಯೇ ಕೆಳಗೆ ಪುರಳೆ ಹಚ್ಚಿ.

ಅಲ್ಲಿ ಸಿಗೋದು ಮರದ ಹೊಟ್ಟನ್ನು ಒತ್ತಿ ಮಾಡಿದ ದಿಮ್ಮಿ. ಇದು ಒಣ ಸೌದೆಗಿಂತ ಬಿರುಸಾಗಿ ಕಾಯುತ್ತೆ, ಉರಿಯುವಾಗ ಉಬ್ಬುತ್ತೆ. ಆದ್ದರಿಂದ ಒಲೆ ತುಂಬಾ ತುರುಕಬೇಡಿ. ಅರ್ಧ ದಿಮ್ಮಿಯಿಂದ ಶುರು ಮಾಡಿ, ಎರಡು ತುಂಡಿನ ನಡುವೆ ಒಂದು ಬೆರಳು ಜಾಗ ಬಿಡಿ. ಕೋಲಿನಿಂದ ಕೆದಕಿದರೆ ಪುಡಿಪುಡಿಯಾಗಿ ಎಲ್ಲ ಒಟ್ಟಿಗೆ ಹೊತ್ತಿ ಬೇಗ ಮುಗಿದುಹೋಗುತ್ತೆ. ಒಲೆಯ ಬಾಗಿಲನ್ನು ಒಂದೇ ಸಲ ಎಳೆಯಬೇಡಿ. ಸ್ವಲ್ಪ ಸಂದು ಮಾಡಿ, ಐದಾರು ಸೆಕೆಂಡ್ ಬಿಟ್ಟು ತೆರೆಯಿರಿ.

ಕೆಂಡ ಇರುವಾಗ ಬಿಸಿ ಉಳಿಯಲಿ ಅಂತ ಡ್ಯಾಂಪರ್ ಮುಚ್ಚಬಾರದು, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಕೋಣೆಯಲ್ಲೇ ಉಳಿಯುತ್ತೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬ್ಯಾಟರಿಯ ಸಣ್ಣ ಅಲಾರಂ ಒಂದು ಜೊತೆಗಿಟ್ಟುಕೊಳ್ಳಿ. ಒದ್ದೆ ಬಟ್ಟೆ, ಹಾಸಿಗೆ, ಮಗುವಿನ ಬ್ಯಾಗ್ ಎಲ್ಲಾ ಒಲೆಯಿಂದ ಒಂದು ಮೀಟರ್ ದೂರ ಇರಲಿ. ಬೂದಿ ತೆಗೆಯೋದನ್ನು ಸಿಬ್ಬಂದಿಗೆ ಬಿಡಿ.

ಹುಲ್ಲುಗಾವಲು:
ಇಲಿ ವಿಷಯವನ್ನು ಹಗುರವಾಗಿ ತಗೋಬೇಡಿ. 2012ರಲ್ಲಿ ಕ್ಯಾಲಿಫೋರ್ನಿಯಾದ ಯೋಸೆಮಿಟಿ ಪಾರ್ಕಿನಲ್ಲಿ 10 ಜನರಿಗೆ ಇಲಿಯ ಹಿಕ್ಕೆ, ಮೂತ್ರದಿಂದ ಹರಡುವ ಹಂಟಾವೈರಸ್ ತಗುಲಿ 3 ಮಂದಿ ತೀರಿಕೊಂಡರು. ಆ 10 ಜನರಲ್ಲಿ 9 ಮಂದಿ ಇಳಿದಿದ್ದು ಅಲ್ಲಿನ ಕರಿ ವಿಲೇಜ್ ಅನ್ನುವ ವಸತಿ ತಾಣದ ಎರಡು ಪದರದ ಗೋಡೆಯ ಟೆಂಟ್ ಕ್ಯಾಬಿನ್‌ಗಳಲ್ಲಿ. ಪದರಗಳ ನಡುವೆ ಡೀರ್ ಮೌಸ್ ಅನ್ನುವ ಇಲಿ ಗೂಡು ಕಟ್ಟಿತ್ತು. ಇಂಥ ಕಾಯಿಲೆ ಅಪರೂಪ ನಿಜ, ಆದರೆ ತಡೆಯೋದು ಬಹಳ ಸುಲಭ.

ಬೀಗ ತೆಗೆದ ಕೂಡಲೇ ಲಗೇಜ್ ಒಳಗಿಡಬೇಡಿ. ಬಾಗಿಲು, ಕಿಟಕಿ ತೆರೆದು ಅರ್ಧ ಗಂಟೆ ಹೊರಗಿರಿ. ಆಮೇಲೆ ಟಾರ್ಚ್ ಹಿಡಿದು ಮಂಚದ ಕೆಳಗೆ, ಗೋಡೆಯ ಮೂಲೆ, ಒಲೆಯ ಹಿಂದೆ ನೋಡಿ. ಅಕ್ಕಿಕಾಳಿನಷ್ಟು ಸಣ್ಣ ಕಪ್ಪು ಹಿಕ್ಕೆ ಕಂಡರೆ ಗುಡಿಸಬೇಡಿ, ಗುಡಿಸಿದರೆ ಧೂಳಿನ ಜೊತೆ ವೈರಸ್ ಗಾಳಿಗೇಳುತ್ತೆ. ತುಂಬಾ ಇದ್ದರೆ ಮಾತೇ ಬೇಡ, ಬೇರೆ ಕ್ಯಾಬಿನ್ ಕೇಳಿ. ನಾಲ್ಕೈದು ಇದ್ದರೂ ಸಿಬ್ಬಂದಿಗೆ ಹೇಳೋದು ಒಳ್ಳೇದು. ನೀವೇ ಒರೆಸುವುದಾದರೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ತೋಯಿಸಿ, ಐದು ನಿಮಿಷ ಬಿಟ್ಟು, ಗ್ಲೌಸ್ ಹಾಕಿಕೊಂಡು ಪೇಪರ್ ಟವೆಲ್‌ನಿಂದ ಒರೆಸಿ ಬಿಸಾಡಿ. ಆರು ಮಿಲಿಮೀಟರ್ ಸಂದು ಸಾಕು ಇಲಿ ನುಸುಳೋಕೆ, ಹಾಗಾಗಿ ಬಿಸ್ಕತ್ತಿನ ತುಣುಕೂ ಹೊರಗಿರಬಾರದು.

ಊರಿಗೆ ಬಂದು ಒಂದರಿಂದ ಎಂಟು ವಾರದೊಳಗೆ ಯಾರಿಗಾದರೂ ಜ್ವರ, ತೊಡೆ-ಬೆನ್ನಿನಲ್ಲಿ ನೋವು ಬಂದರೆ ಇಂಥ ಕಡೆ ಉಳಿದಿದ್ದೆವು ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಕಲ್ಲುದಾರಿ:
ಕ್ಯಾಬಿನ್ ಒಳಗೆ ಅಡುಗೆ ಮಾಡುವಂತಿಲ್ಲ. ಪಾರ್ಕಿನ ಪಿಕ್ನಿಕ್ ಜಾಗಗಳಲ್ಲಿ ಗ್ಯಾಸ್ ಸ್ಟವ್ ಹಚ್ಚಬಹುದು. ಅಷ್ಟು ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತೆ, ಪಾತ್ರೆಯಲ್ಲಿಟ್ಟ ಅನ್ನ ಗಟ್ಟಿಯಾಗೇ ಉಳಿಯುತ್ತೆ. ಎರಡು ಲೀಟರ್ ಪ್ರೆಶರ್ ಕುಕ್ಕರ್ ತಗೊಂಡು ಹೋಗಿ. ಮುಗಿದ ಮೇಲೆ, ವಾಸನೆಗೆ ಕರಡಿ ಬರದಂತೆ, ಕುಕ್ಕರ್, ಉಳಿದ ಅನ್ನ, ಟೂತ್‌ಪೇಸ್ಟ್ ಸಮೇತ ಕಾರಿನೊಳಗಿಟ್ಟು ಗಾಜು ಏರಿಸಿ ಲಾಕ್ ಮಾಡಿ. ಇದು ಯೆಲ್ಲೋಸ್ಟೋನ್ ಲೆಕ್ಕ. ಯೋಸೆಮಿಟಿಯಲ್ಲಿ ರಾತ್ರಿ ಕಾರಿನಲ್ಲಿ ತಿಂಡಿ ಬಿಡುವಂತಿಲ್ಲ.

ಅಮ್ಮನ ದೃಷ್ಟಿಯಿಂದ ಹೇಳೋದಾದರೆ, ಅದೇ ಲಾಡ್ಜ್‌ನ ಫ್ರಾಂಟಿಯರ್ ಕ್ಯಾಬಿನ್‌ಗೆ ಒಳಗೇ ಬಾತ್‌ರೂಮ್ ಇದೆ. ಯಾರಾದರೂ ರದ್ದು ಮಾಡಿದಾಗ ಖಾಲಿಯಾಗುತ್ತೆ, ದಿನಾ ಒಂದ್ಸಲ ನೋಡ್ತಿರಿ.

ಹೊಸಹಾದಿ:
ತುಂಬಾ ಉಪಕಾರವಾಯ್ತು. ಫ್ರಾಂಟಿಯರ್ ಸಿಗದಿದ್ದರೆ ರಾತ್ರಿ ಅಮ್ಮ ಹೊರಗೆ ಹೋಗೋದು ಹೇಗೆ? ಕರಡಿ ಓಡಿಸುವ ಬೇರ್ ಸ್ಪ್ರೇ ಇಲ್ಲಿಂದಲೇ ಕೊಂಡೊಯ್ಯಲಾ?

ಕಲ್ಲುದಾರಿ:
ಒಬ್ಬರನ್ನೇ ಕಳಿಸಬೇಡಿ. ಹಗಲಲ್ಲೇ ಬಾತ್‌ರೂಮ್‌ವರೆಗೆ ಒಮ್ಮೆ ಕರೆದುಕೊಂಡು ಹೋಗಿ ಮೆಟ್ಟಿಲು, ಬೇರು, ತಗ್ಗು ತೋರಿಸಿ. ರಾತ್ರಿ ಬಾಗಿಲು ತೆರೆದ ತಕ್ಷಣ ಇಳಿಯದೆ ಟಾರ್ಚನ್ನು ಎಡಕ್ಕೂ ಬಲಕ್ಕೂ ಆಡಿಸಿ. ಕಾಡೆಮ್ಮೆಯಂಥ ಬೈಸನ್ ಕ್ಯಾಬಿನ್ ಪಕ್ಕದಲ್ಲೇ ಮಲಗಿರಬಹುದು. ಬೈಸನ್, ಎಲ್ಕ್ ಅನ್ನುವ ದೊಡ್ಡ ಜಿಂಕೆಗೆ 23 ಮೀಟರ್, ಕರಡಿ, ತೋಳಕ್ಕೆ 91 ಮೀಟರ್ ದೂರ ಅನ್ನೋದು ಪಾರ್ಕಿನ ನಿಯಮ. ಕಂಡರೆ ಒಳಗೆ ಬಂದು ಕಾಯಿರಿ. ಮಗುವಿಗೆ ಮುಚ್ಚಳವಿರುವ ಪುಟ್ಟ ಟಾಯ್ಲೆಟ್ ಪಾಟ್ ಇದ್ದರೆ ಅರ್ಧ ತಲೆನೋವು ತಪ್ಪುತ್ತೆ.

ಸ್ಪ್ರೇ ವಿಮಾನದಲ್ಲಿ ಬಿಡಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ. ಪಾರ್ಕಿನ ಅಂಗಡಿಗಳಲ್ಲೇ ಕೊಳ್ಳಿ. ಬ್ಯಾಗಿನ ತಳದಲ್ಲಿಟ್ಟರೆ ಉಪಯೋಗವಿಲ್ಲ, ಸೊಂಟದಲ್ಲಿರಬೇಕು. ಮೈಗಾಗಲಿ ಬಾಗಿಲಿಗಾಗಲಿ ಹೊಡೆಯುವ ಔಷಧಿ ಅಲ್ಲ ಅದು. ಕರಡಿ ನುಗ್ಗಿ ಬರುತ್ತಿದ್ದರೆ ಸುಮಾರು 18 ಮೀಟರ್ ಇರುವಾಗ ಅದರ ಎದುರಿಗೆ ಹೊಡೆಯಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, 50 ಡಿಗ್ರಿ ಮುಟ್ಟಿದರೆ ಡಬ್ಬಿ ಒಡೆಯಬಹುದು. ಹೊರಡುವ ದಿನ ಕಸಕ್ಕೆ ಎಸೆಯದೆ ಎಲ್ಲಿ ಕೊಡಬೇಕು ಅಂತ ಕೌಂಟರ್‌ನಲ್ಲಿ ಕೇಳಿಕೊಳ್ಳಿ.