ಎರಡು ದಿನದ ಸಾಹಿತ್ಯ ಹಬ್ಬ, ಹದಿನೈದು ಸ್ವಯಂಸೇವಕರು: ಮಾಡಿದವರು ಸ್ವಲ್ಪ ಹೇಳಿ

ಹಾಸನ ಜಿಲ್ಲೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನಲ್ಲಿ ಓದುವ ಚಟ ಇರುವ ಹತ್ತು ಜನ ಸೇರಿ ಜನವರಿಯಲ್ಲಿ ಎರಡು ದಿನದ ಸಾಹಿತ್ಯ ಹಬ್ಬ ಮಾಡಲು ಹೊರಟಿದ್ದೇವೆ. ಕನ್ನಡ ಸಾಹಿತ್ಯ ಪರಿಷತ್ತಿನ ಸಮ್ಮೇಳನ ಅಲ್ಲ, ನಮ್ಮದೇ. ಹೈಸ್ಕೂಲಿನ ಮೈದಾನ ಸಿಕ್ಕಿದೆ. ಸ್ವಯಂಸೇವಕರು ಹದಿನೈದು ಜನ, ಹೆಚ್ಚಿನವರು ಡಿಗ್ರಿ ಓದುವ ಮಕ್ಕಳು. ದಿನಕ್ಕೆ ಮುನ್ನೂರು ಜನ ಬರಬಹುದು. ಇಂಥದ್ದು ಮಾಡಿ ಕೈ ಸುಟ್ಟುಕೊಂಡವರು ಇದ್ದರೆ ಅನುಭವ ಹೇಳಿ, ಪುಣ್ಯ ಬರುತ್ತದೆ.

ಶಿವಮೊಗ್ಗದ ನಿವೃತ್ತ ಮೇಷ್ಟ್ರು:

ಸುಟ್ಟುಕೊಂಡ ಕೈ ಇಲ್ಲೊಂದಿದೆ ನೋಡಿ. ಮೊದಲ ಗಲಾಟೆ ಆಮಂತ್ರಣ ಪತ್ರಿಕೆಯದ್ದು. ನಾವು ‘ಉಪಸ್ಥಿತಿ’ ಅಂತ 22 ಹೆಸರು ಹಾಕಿಸಿದೆವು. ಬಂದವರು ಆರು ಜನ. ಹೆಸರು ಬಿಟ್ಟುಹೋದ ಇಪ್ಪತ್ಮೂರನೆಯವರು ಮಾತ್ರ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಆ ಸಾಲನ್ನೇ ತೆಗೆದುಬಿಡಿ.

ಉದ್ಘಾಟನೆ ಹತ್ತಕ್ಕೆ ಅಂತ ಇತ್ತು. ಮುಖ್ಯ ಅತಿಥಿ ಬಂದದ್ದು ಹನ್ನೊಂದಕ್ಕೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಒಬ್ಬೊಬ್ಬರಿಗೂ ಹಾರ, ಶಾಲು, ಹಣ್ಣಿನ ಬುಟ್ಟಿ, ಆಮೇಲೆ ವಂದನೆ. ಮುಗಿದಾಗ ಒಂದೂಮುಕ್ಕಾಲು. ಜನ ಊಟಕ್ಕೆ ಎದ್ದರು. ಮೊದಲ ಗೋಷ್ಠಿಗೆ ದೂರದಿಂದ ಬಂದಿದ್ದ ಲೇಖಕಿ ಖಾಲಿ ಕುರ್ಚಿಗಳ ಮುಂದೆ ಮಾತಾಡಿದರು. ಆ ಮುಖ ಮರೆಯಲು ಆಗಿಲ್ಲ.

ಕವಿಗೋಷ್ಠಿಯ ಲೆಕ್ಕವನ್ನಂತೂ ನಾವು ಹಾಕಿರಲೇ ಇಲ್ಲ. ಕವಿಗಳು 28 ಜನ, ಕೊಟ್ಟಿದ್ದು ಒಂದೂವರೆ ಗಂಟೆ. ಒಬ್ಬರಿಗೆ ಐದೇ ನಿಮಿಷ ಅಂದರೂ 140 ನಿಮಿಷ ಆಯಿತಲ್ಲ! ಅದರ ಮೇಲೆ ನಿರೂಪಕರ ಪರಿಚಯ ಬೇರೆ. ಹನ್ನೆರಡು ಜನ ಸಾಕು, ಒಂದೇ ಕವಿತೆ, ಅದನ್ನು ಮೊದಲೇ ಕಳಿಸಿರಬೇಕು. ಬಿಟ್ಟುಹೋದವರಿಗೆ ಎರಡನೇ ದಿನ ಸಂಜೆ ಮರದ ಕೆಳಗೆ ಒಂದು ಮೈಕ್ ಇಡಿ. ನಮ್ಮಲ್ಲಿ ಆಮೇಲಿನ ವರ್ಷ ವೇದಿಕೆಗಿಂತ ಅಲ್ಲೇ ಜಾಸ್ತಿ ಜನ ಇದ್ದರು.

ಒಂದು ಕಾಲದ ಸ್ವಯಂಸೇವಕಿ, ಈಗ ಬೆಂಗಳೂರಿನಲ್ಲಿ ಕೆಲಸ:

ಸರ್ ಹೇಳಿದಂಥದ್ದೇ ಒಂದು ಕವಿಗೋಷ್ಠಿಯಲ್ಲಿ ಬೆಲ್ ಹೊಡೆಯುವ ಕೆಲಸ ನನ್ನದಾಗಿತ್ತು. ಆಗ ಬಿಎ ಎರಡನೇ ವರ್ಷ. ಎಪ್ಪತ್ತು ದಾಟಿದ ಹಿರಿಯರ ಮುಂದೆ ಹತ್ತೊಂಬತ್ತರ ಹುಡುಗಿ ಗಂಟೆ ಬಾರಿಸುವುದು ಹೇಗೆ? ಕೈ ಮೇಲೇಳಲಿಲ್ಲ. ‘ಎರಡು ನಿಮಿಷ’ ಅಂತ ಚೀಟಿ ಬರೆದು ಕೊಟ್ಟೆ. ಅವರು ಚೀಟಿ ಓದಿ, ನನ್ನನ್ನು ನೋಡಿ ನಕ್ಕು, ಅದನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಆಮೇಲೆ ಹದಿನೆಂಟು ನಿಮಿಷ ಓದಿದರು. ಕಾರ್ಯದರ್ಶಿಗಳು ಬೈದದ್ದು ನನಗೆ. ಹೊತ್ತು ನೋಡುವ ಕೆಲಸ ಮಕ್ಕಳಿಗೆ ಕೊಡಲೇಬೇಡಿ. ಊರಲ್ಲಿ ಯಾರಿಗೂ ಹೆದರದ ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಕೂರಿಸಿ.

ಇನ್ನೊಂದು ಹೇಳಬೇಕು. ಇಷ್ಟು ವರ್ಷವಾದರೂ ಅದು ನನಗೆ ಬೇಜಾರೇ. ನಾನು ಹೆಸರು ಕೊಟ್ಟದ್ದು ಒಬ್ಬ ಕತೆಗಾರ್ತಿಯನ್ನು ಹತ್ತಿರದಿಂದ ನೋಡಬಹುದು ಅಂತ. ಮೊದಲ ದಿನ ಬೆಳಿಗ್ಗೆ ಹುಡುಗಿಯರಿಗೆಲ್ಲ ರೇಷ್ಮೆ ಸೀರೆ ಉಡಿಸಿ ಪನ್ನೀರು, ಕಲ್ಲುಸಕ್ಕರೆ ಹಿಡಿದು ಬಾಗಿಲಲ್ಲಿ ನಿಲ್ಲಿಸಿದರು. ಹುಡುಗರು ವೇದಿಕೆ, ಮೈಕು ಅಂತ ಒಳಗೆ. ಆ ಕತೆಗಾರ್ತಿಯ ಗೋಷ್ಠಿಯ ಹೊತ್ತಿಗೆ ನನ್ನನ್ನು ಊಟದ ಕೂಪನ್ ಎಣಿಸಲು ಕಳಿಸಿದರು. ಅಡುಗೆ ಶೆಡ್ಡಿನ ಹಿಂದೆ ಕೂತು ಎಣಿಸುತ್ತಿದ್ದಾಗ ಚಪ್ಪಾಳೆ ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎರಡು ದಿನದಲ್ಲಿ ನಾನು ಕೂತು ಕೇಳಿದ ಗೋಷ್ಠಿ ಒಂದೂ ಇಲ್ಲ. ಆ ಹದಿನೈದು ಮಕ್ಕಳು ನಿಮ್ಮ ಊರಿನ ಮುಂದಿನ ಓದುಗರು ಅಲ್ವಾ?

ಆಮೇಲೆ ನಾನೇ ಉಸ್ತುವಾರಿ ಮಾಡುವಾಗ ಹೀಗೆ ಮಾಡಿದೆ. ಹದಿನೈದು ದಿನ ಮೊದಲು ಕಾರ್ಯಕ್ರಮದ ಪಟ್ಟಿಯನ್ನು ಸ್ವಯಂಸೇವಕರ ಕೈಗೆ ಕೊಟ್ಟು, ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಗೋಷ್ಠಿಗೆ ಗುರುತು ಹಾಕಲಿ ಅಂದೆ. ಕೆಲಸದ ಪಟ್ಟಿ ಹಾಕಿದ್ದು ಅದಾದ ಮೇಲೆ. ಅವರು ಕೇಳುತ್ತಾ ಕೂತಾಗ ‘ಬಾ ಇಲ್ಲಿ, ನೀರಿನ ಕ್ಯಾನ್ ಖಾಲಿ’ ಅಂತ ಯಾರೂ ಎಬ್ಬಿಸುವ ಹಾಗಿಲ್ಲ. ಒಬ್ಬ ಹುಡುಗ ಯಾವುದಕ್ಕೂ ಗುರುತು ಹಾಕದೆ, ‘ನಂಗೆ ಸೌಂಡ್ ಮಿಕ್ಸರ್ ಹತ್ತಿರ ಬಿಡಿ ಅಕ್ಕ’ ಅಂದ. ಬಿಟ್ಟೆ. ಎಲ್ಲ ಗೋಷ್ಠಿ ಕೇಳಿದವನು ಕೊನೆಗೆ ಅವನೊಬ್ಬನೇ.

ಪುಸ್ತಕ ಮಳಿಗೆ ಇಡುವವರು, ತುಮಕೂರು:

ಮಳಿಗೆಗಳನ್ನು ಪೆಂಡಾಲಿಗೂ ಊಟದ ಜಾಗಕ್ಕೂ ನಡುವೆ ಹಾಕಿಸಿ. ಮೂಲೆಗೆ ತಳ್ಳಿದರೆ ಬಾಡಿಗೆ ಗಾಡಿಯ ದುಡ್ಡೂ ಹುಟ್ಟುವುದಿಲ್ಲ. ಜನವರಿ ಅಂದಿರಿ, ಇಬ್ಬನಿ ಜೋರಾಗಿ ಬೀಳುತ್ತದೆ. ಶಾಮಿಯಾನದ ಬಟ್ಟೆ ತಡೆಯುವುದಿಲ್ಲ. ಒಂದು ಕಡೆ ರಾತ್ರಿ ಹಾಗೇ ಬಿಟ್ಟು ಹೋಗಿದ್ದೆವು, ಬೆಳಿಗ್ಗೆ ನೋಡಿದರೆ ಮೇಲಿನ ಸಾಲಿನ ರಟ್ಟುಗಳೆಲ್ಲ ಹಪ್ಪಳದ ಹಾಗೆ ಡೊಂಕು. ಪುಸ್ತಕ ಒಳಗಿಡಲು ಶಾಲೆಯ ಒಂದು ಕೊಠಡಿ, ಒಂದು ಬೀಗ. ಇಷ್ಟು ಕೊಡಿ ಸಾಕು.

ಮಂಡ್ಯದಿಂದ, ಊಟದ ಸಮಿತಿಯಲ್ಲಿ ಇದ್ದವರು:

ಊಟ ಏನು ಅನ್ನುವುದನ್ನು ಮೊದಲೇ ತೀರ್ಮಾನಿಸಿ ಊರಿಗೆಲ್ಲ ಹೇಳಿಬಿಡಿ. 2024ರ ಡಿಸೆಂಬರ್‌ನಲ್ಲಿ ನಮ್ಮೂರಿನ 87ನೇ ಸಮ್ಮೇಳನದಲ್ಲಿ ಬಾಡೂಟದ ಬೇಡಿಕೆ ಎಷ್ಟು ಜೋರಾಗಿತ್ತು ನೆನಪಿದೆಯಲ್ಲ, ಗೋಷ್ಠಿಗಳಿಗಿಂತ ಅದೇ ಸುದ್ದಿ. ಸುಮ್ನೆ ಜಗಳ ಅಂತ ತಳ್ಳಿಹಾಕಬೇಡಿ, ಯಾರ ಊಟ ‘ಎಲ್ಲರ ಊಟ’ ಅನ್ನುವ ಪ್ರಶ್ನೆ ಅದು. ನಿಮ್ಮ ಹತ್ತು ಜನ ಕೂತು ಮಾತಾಡಿ.

ಸ್ವಯಂಸೇವಕರಿಗೆ ಹನ್ನೆರಡೂವರೆಗೇ ಮೊದಲ ಪಂಕ್ತಿ ಹಾಕಿ. ಕೊನೆಗೆ ಉಳಿದದ್ದು ತಿನ್ನಲಿ ಅಂತ ಬಿಟ್ಟರೆ ಅನ್ನ ಇರುತ್ತದೆ, ಸಾರು ಇರುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದಾ ಅಂತ ಹಿಂದಿನ ದಿನ ನೀವೇ ನಲ್ಲಿ ತಿರುಗಿಸಿ ನೋಡಿ. ಯಾರೋ ನೋಡಿರುತ್ತಾರೆ ಅಂದುಕೊಳ್ಳಬೇಡಿ.

ಚಿತ್ರದುರ್ಗದ ಒಬ್ಬ ಶಿಕ್ಷಕರು:

ಮೇಷ್ಟ್ರುಗಳಿಗೆ ಒಒಡಿ (ಶಾಲೆ ಬಿಟ್ಟು ಬೇರೆ ಕರ್ತವ್ಯಕ್ಕೆ ಬರುವ ಅನುಮತಿ) ಮಾಡಿಸಿದ್ದರೆ ಹಾಜರಾತಿ ಪತ್ರವನ್ನು ಸಂಜೆ ಕೊಡಿ. ಬೆಳಿಗ್ಗೆ ಕೊಟ್ಟರೆ ಹನ್ನೊಂದಕ್ಕೆ ಎಲ್ಲರೂ ಮಾಯ. ನಾನೂ ಮಾಯವಾಗಿದ್ದೇನೆ, ಅದಕ್ಕೇ ಗೊತ್ತು.

ಸಾಗರದ ಕಡೆಯವರು:

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ನಡೆಸುವ ಸಂಸ್ಕೃತಿ ಶಿಬಿರಕ್ಕೆ ಒಮ್ಮೆ ಹೋಗಿ ಬನ್ನಿ. ರಾತ್ರಿ ನಾಟಕ ನೋಡಿದರೆ ಮರುದಿನ ಬೆಳಿಗ್ಗೆ ಅದರ ಬಗ್ಗೆ ಮಾತು. ಕೇಳಲು ಬಂದವರೂ ಬಾಯಿ ಬಿಡುತ್ತಾರೆ. ನಮ್ಮ ಕಡೆಯ ಹಬ್ಬಗಳಲ್ಲಿ ‘ಸಮಯದ ಅಭಾವ’ ಅಂತ ಮೊದಲು ಕತ್ತರಿ ಬೀಳುವುದು ಸಂವಾದಕ್ಕೇ. ಒಂದು ಗೋಷ್ಠಿ ಕಡಿಮೆ ಮಾಡಿ, ಪ್ರಶ್ನೆಗೆ ಜಾಗ ಬಿಡಿ.

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಒಬ್ಬರೇ ದೊಡ್ಡ ದಾನಿ ಸಿಕ್ಕರೆ ಖುಷಿಪಡಬೇಡಿ, ಆಮೇಲೆ ವೇದಿಕೆಯೂ ಅವರದೇ. 2012ರಲ್ಲಿ ಶುರುವಾದ ಬೆಂಗಳೂರಿನ ಅಷ್ಟು ದೊಡ್ಡ ಸಾಹಿತ್ಯ ಉತ್ಸವವೇ ಸಮುದಾಯದ ದೇಣಿಗೆಯಲ್ಲಿ ನಡೆಯುತ್ತಿದೆ, ಪ್ರವೇಶಕ್ಕೆ ದುಡ್ಡಿಲ್ಲ. ನಾವು ಊರಲ್ಲಿ ಮಾಡಿದ್ದು ಇನ್ನೂ ಸುಲಭ: ಒಬ್ಬರು ಅಕ್ಕಿ, ಒಬ್ಬರು ಬೆಲ್ಲ, ಶಾಮಿಯಾನದವರು ಅರ್ಧ ಬಾಡಿಗೆ. ಲೆಕ್ಕವನ್ನು ಬರೆದು ಶಾಲೆಯ ಬೋರ್ಡಿಗೆ ಅಂಟಿಸಿದೆವು. ಮಾರನೇ ವರ್ಷ ಕೇಳದೆಯೇ ತೆಂಗಿನಕಾಯಿ ಬಂತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಉಪಸ್ಥಿತಿ ಸಾಲು ಇವತ್ತೇ ತೆಗೆಸಿದೆ. ಗೋಷ್ಠಿಯ ಪಟ್ಟಿ ಮಕ್ಕಳಿಗೆ ಕೊಟ್ಟೆ, ಹದಿನೈದರಲ್ಲಿ ಒಂಬತ್ತು ಜನ ಒಂದೇ ಗೋಷ್ಠಿಗೆ ಗುರುತು ಹಾಕಿದ್ದಾರೆ! ಆ ಹೊತ್ತಿಗೆ ಕಾಫಿ ಕೊಡಲು ನಾವು ಹತ್ತು ಜನವೇ ನಿಲ್ಲಬೇಕು. ಒಂದೇ ಅನುಮಾನ ಉಳಿದಿದೆ. ಕವಿಗೋಷ್ಠಿಗೆ ಅಧ್ಯಕ್ಷರು ನನಗೆ ಅಕ್ಷರ ಕಲಿಸಿದ ಮೇಷ್ಟ್ರು. ಅವರೇ ನಿಲ್ಲಿಸದಿದ್ದರೆ ಚೀಟಿ ಕೊಡುವವರು ಯಾರು?

ಶಿವಮೊಗ್ಗದ ನಿವೃತ್ತ ಮೇಷ್ಟ್ರು:

ಅವರ ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ನನ್ನನ್ನು ಹಾಗೇ ನಿಲ್ಲಿಸಿದ್ದು.