ಜಾರಿಬಿದ್ದ ಜಟ್ಟಿಯೂ ಮೀಸೆಗಂಟಿದ ಮಣ್ಣೂ

ಸೀನನಿಗೆ ಕೈ ಬೀಸದೆ ಮಾತಾಡಲು ಬರುವುದಿಲ್ಲ. "ಅಂಗಡೀಲಿ ಬಿದ್ರೆ ದುಡ್ಡು ಕೊಡ್ತಾರಂತೆ ಕಣ್ರೋ!" ಎಂದು ಅವನು ಕೈ ಬೀಸಿದ ರಭಸಕ್ಕೆ ನೀರಿನ ಚೊಂಬು ಉರುಳಿತು. ನೀರು ವರಾಂಡದ ನುಣುಪು ನೆಲದ ಮೇಲೆ ಬಾಗಿಲ ಕಡೆಗೆ ಹೊರಟಿತು. "ಒರೆಸ್ತೀನಿ ತಾಳಿ" ಅಂದ, ಕೂತಲ್ಲಿಂದಲೇ.

"ಬಿದ್ರೆ ಬರೋದು ನೋವು," ಅಂದರು ವಕೀಲ ಸುಬ್ಬಣ್ಣ. "ದುಡ್ಡು ಬರ್ಬೇಕಾದ್ರೆ ಮೂರು ಸಂಗತಿ ತೋರಿಸ್ಬೇಕು. ಅಲ್ಲೊಂದು ಅಪಾಯ ಇತ್ತು. ಅದು ಅಂಗಡಿಯವರಿಗೆ ಗೊತ್ತಿತ್ತು, ಇಲ್ಲಾ ಗೊತ್ತಾಗೋಷ್ಟು ಹೊತ್ತು ಅಲ್ಲೇ ಬಿದ್ದಿತ್ತು. ಆದ್ರೂ ತೆಗೀಲಿಲ್ಲ, ಅದ್ರಿಂದ್ಲೇ ನಿಂಗೆ ಏಟಾಯ್ತು. ನಡುವಿಂದಿದೆಯಲ್ಲ, ಎಷ್ಟು ಹೊತ್ತು ಅನ್ನೋದು, ಕೇಸು ಮುಗ್ಗರಿಸೋದು ಅಲ್ಲೇ."

"ಎಷ್ಟು ಹೊತ್ತು ಅಂತ ನಾನು ಹೆಂಗೆ ಹೇಳ್ಲಿ? ನಾನು ಬೀಳೋದ್ರಲ್ಲಿ ಬಿಜಿ ಇರ್ತೀನಲ್ಲ!"

"ನೀನು ಹೇಳ್ಬೇಡ, ಸಿಪ್ಪೆ ಹೇಳುತ್ತೆ. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 1901ರಲ್ಲೊಂದು, 1911ರಲ್ಲೊಂದು ತೀರ್ಪು ಬಂತು. ಎರಡೂ ರೈಲ್ವೆಯವು, ಎರಡರಲ್ಲೂ ಜನ ಜಾರಿದ್ದು ಬಾಳೆಹಣ್ಣಿನ ಸಿಪ್ಪೆ ಮೇಲೆ. ಮೊದಲನೆಯವನಿಗೆ ಕೋರ್ಟು, 'ಆ ಸಿಪ್ಪೇನ ಒಂದು ನಿಮಿಷದ ಹಿಂದೆ ಯಾರೋ ಪ್ರಯಾಣಿಕ ಎಸೆದಿರಬಹುದು, ರೈಲ್ವೆಯವರು ಏನು ಮಾಡ್ತಾರೆ' ಅಂತ ಬರಿಗೈಲಿ ಕಳಿಸ್ತು. ಎರಡನೇ ಕೇಸಿನ ಸಿಪ್ಪೆ ಕಪ್ಪಗಾಗಿತ್ತು, ಒಣಗಿತ್ತು, ಮಣ್ಣು ಮೆತ್ಕೊಂಡಿತ್ತು, ಜನ ತುಳಿದು ತುಳಿದು ಚಪ್ಪಟೆಯಾಗಿತ್ತು. ಇಷ್ಟು ಹೊತ್ತು ಬಿದ್ದಿದ್ರೂ ಸಿಬ್ಬಂದಿ ತೆಗೀಲಿಲ್ಲ ಅಂದ್ರೆ ನಿರ್ಲಕ್ಷ್ಯ ಅಂತ ಲೆಕ್ಕ ಹಾಕ್ಬಹುದು ಅಂತು ಅದೇ ಕೋರ್ಟು."

"ಹಂಗಾದ್ರೆ ಸಿಪ್ಪೆ ಕಪ್ಪಗಾಗಿದೆಯಾ ಅಂತ ನೋಡ್ಕೊಂಡು ಕಾಲಿಡ್ಬೇಕು ಅನ್ನಿ."

"ನೋಡ್ಕೊಂಡು ಕಾಲಿಟ್ರೆ ತಪ್ಪು ನಿಂದೇ ಕಣೋ!"

ವಿಮೆ ಕಂಪನಿಗಳಿಗೆ ಸರ್ವೇಯರ್ ಆಗಿರುವ ನಾಗಣ್ಣ ಇಂಥ ಮಾತಿನಲ್ಲಿ ಸುಮ್ಮನೆ ಕೂರುವವರಲ್ಲ. "ಸಿಪ್ಪೇನೇ ಬೇಕಾಗಿಲ್ಲ. ಚೆಲ್ಲಿದ ಜ್ಯೂಸಿನ ಅಂಚು ಒಣಗಿ ಅಂಟಂಟಾಗಿದೆಯಾ? ಅದರ ಮೇಲೆ ಟ್ರಾಲಿ ಗಾಲಿಯ ಗೆರೆ ಇದೆಯಾ? ಬೇರೆಯವರ ಹೆಜ್ಜೆ ಗುರುತಿದೆಯಾ? ಇದ್ರೆ ಅದು ಹೊತ್ತಾಗಿರೋ ಜ್ಯೂಸು. ನೀರು ಫ್ರಿಜ್ಜಿನ ಬುಡದಿಂದ ಬರ್ತಿದ್ರೆ ಇನ್ನೂ ಸಲೀಸು. ಗಿರಾಕಿ ಯಾರೋ ಚೆಲ್ಲಿದ ಅನ್ನೋ ಮಾತೇ ಬರಲ್ಲ, ಸೋರಿದ್ದು ಅವರದೇ ಫ್ರಿಜ್ಜು. ಆ ಬುಡದ್ದೊಂದು ಫೋಟೋ, ಪಕ್ಕದಲ್ಲೊಂದು ಪೆನ್ನೋ ನಾಣ್ಯವೋ ಇಟ್ಟು. ಪೆನ್ನಿಲ್ದೆ ತೆಗೆದ ಫೋಟೋದಲ್ಲಿ ಕೊಚ್ಚೆಗುಂಡಿಗೂ ಒಂದು ಹನಿಗೂ ವ್ಯತ್ಯಾಸ ಕಾಣಲ್ಲ."

"ಬಿದ್ದಿರೋನು ಪೆನ್ನು ಹುಡುಕ್ತಾನಾ?" ಎಂದರು ಮೂಳೆ ಡಾಕ್ಟರ್ ವಿಮಲಕ್ಕ.

"ಬಿದ್ದೋನು ಹುಡುಕಲ್ಲಕ್ಕ, ಜೊತೆಗಿದ್ದೋನು ಹುಡುಕ್ಬೇಕು. ಬಿದ್ದೋನು ಮಾಡೋದು ಬೇರೆ. ದಡಕ್ಕನೆ ಎದ್ದು, ಅತ್ತಿತ್ತ ನೋಡಿ, 'ಏನಿಲ್ಲ, ಏನಿಲ್ಲ, ನಂದೇ ತಪ್ಪು' ಅಂತ ಹಲ್ಲು ಕಿರೀತಾನೆ. ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದನಂತಲ್ಲ, ಹಂಗೆ. ಅದನ್ನ ಮ್ಯಾನೇಜರು ಅಪಘಾತದ ಪುಸ್ತಕದಲ್ಲಿ ಹಾಗೇ ಬರ್ಕೋತಾನೆ: 'ಗಿರಾಕಿಗೆ ಏನೂ ಆಗಿಲ್ಲ, ತನ್ನದೇ ತಪ್ಪು ಎಂದರು.' ಮೂರು ತಿಂಗಳಾದ್ಮೇಲೆ ಆ ಸಾಲು ನನ್ನ ಟೇಬಲ್ಲಿಗೆ ಬರುತ್ತೆ. ನಾನು ಅದಕ್ಕೆ ಹಳದಿ ಬಣ್ಣ ಬಳೀತೀನಿ."

"ಪಾಪಿ!" ಅಂದ ಸೀನ.

"ಕೆಲಸ ಕಣಯ್ಯ. ಅದಕ್ಕೇ ಹೇಳ್ತಿರೋದು, ಜಟ್ಟಿ ಮೀಸೆ ಒರೆಸ್ಕೋಬಾರ್ದು. ಮಣ್ಣಾಗಿದೆ ಅಂತಲೇ ಬರೆಸ್ಬೇಕು. ಅಪಘಾತದ ಪುಸ್ತಕ ತರಿಸಿ: ತಾರೀಖು, ಗಂಟೆ, ಯಾವ ಸಾಲಿನ ಯಾವ ಕಪಾಟಿನ ಮುಂದೆ, ಏನರ ಮೇಲೆ ಜಾರಿದ್ದು, ಎಲ್ಲೆಲ್ಲಿ ನೋವು. 'ನೋವು ಇದೆ, ಡಾಕ್ಟರಿಗೆ ತೋರಿಸ್ತೀನಿ' ಅಂದ್ರೆ ಸಾಕು, ಯಾರ ತಪ್ಪು ಅನ್ನೋ ವಿಮರ್ಶೆ ಅಲ್ಲಿ ಬೇಡ. ಬರೆದದ್ದರ ಫೋಟೋ ಹೊಡ್ಕೊಳ್ಳಿ. ಪುಸ್ತಕ ಇಲ್ಲ ಅಂದ್ರೆ ಅವತ್ತೇ ಅಂಗಡಿಗೆ ಒಂದು ಇಮೇಲು. ನೋಡಿದವರ ಹೆಸರು, ಫೋನ್ ನಂಬರು. ಅಂಗಡಿಯ ಹುಡುಗ ನಾಳೆ ಕೆಲಸ ಬಿಟ್ಟು ಹೋಗಿರ್ತಾನೆ, ಇನ್ನೊಬ್ಬ ಗಿರಾಕಿ ಹೇಳೋ ಮಾತಿಗೆ ತೂಕ ಜಾಸ್ತಿ."

"ನಾನು ಎದ್ದು ನೋಡೋ ಹೊತ್ತಿಗೆ ಅಲ್ಲಿ 'ನೆಲ ಒದ್ದೆ ಇದೆ, ಎಚ್ಚರಿಕೆ' ಅನ್ನೋ ಹಳದಿ ಬೋರ್ಡು ನಿಂತಿದ್ರೆ?"

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅದು ಬರೋದು ನೀನು ಬಿದ್ದ ಮೇಲೇ. ಅದಕ್ಕೇ ಮೊದಲ ಫೋಟೋ ನೆಲದ್ದಾಗಿರ್ಲಿ, ಮುಖದ್ದಲ್ಲ. ಬೋರ್ಡಿಲ್ಲದ ಫೋಟೋ ಒಂದು, ಬೋರ್ಡು ಬಂದ ಮೇಲೆ ಇನ್ನೊಂದು. ಫೋನು ತಾನೇ ಗಂಟೆ ನಮೂದಿಸುತ್ತೆ."

ಸುಬ್ಬಣ್ಣನಿಗೆ ತಮ್ಮ ಅಂಗಳಕ್ಕೆ ಚೆಂಡು ಬಂದಂತಾಯಿತು. "ಇದಕ್ಕೆ ಒಂದು ರುಚಿಯಾದ ತೀರ್ಪಿದೆ. 1976, ಇಂಗ್ಲೆಂಡಿನ ಮೇಲ್ಮನವಿ ಕೋರ್ಟು. ಸೂಪರ್‌ಮಾರ್ಕೆಟ್ಟಿನಲ್ಲಿ ಹೆಂಗಸೊಬ್ಬರು ಚೆಲ್ಲಿದ ಮೊಸರಿನ ಮೇಲೆ ಜಾರಿದರು. ದಿನಕ್ಕೆ 5-6 ಸಲ ಗುಡಿಸ್ತೀವಿ ಅಂತು ಅಂಗಡಿ. ಆ ಹೆಂಗಸಿಗೋ ಮೊಸರು ಎಷ್ಟು ಹೊತ್ತಿನಿಂದ ಅಲ್ಲಿತ್ತು ಅಂತ ಗೊತ್ತಿಲ್ಲ. ಆದರೆ ಮೂರು ವಾರ ಬಿಟ್ಟು ಅದೇ ಅಂಗಡಿಗೆ ಹೋಗಿದ್ದಾಗ ಕಿತ್ತಳೆ ಶರಬತ್ತು ಚೆಲ್ಲಿರೋದು ಕಣ್ಣಿಗೆ ಬಿತ್ತು. ಸುಮಾರು 15 ನಿಮಿಷ ಅದರ ಮೇಲೆ ಕಣ್ಣಿಟ್ಟರು. ಒರೆಸೋಕೆ ಒಬ್ಬನೂ ಬರಲಿಲ್ಲ!"

"ಅಬ್ಬಾ, ಏನು ತಾಳ್ಮೆ!"

"ತೀರ್ಪು ಅವರ ಕಡೆಗೇ ಆಯ್ತು. ಅಂಗಡಿಯ ನೆಲದ ಮೇಲೆ ಮೊಸರು ಇರಬೇಕಾದ್ದಲ್ಲ, ಒರೆಸೋ ಏರ್ಪಾಡು ಸರಿಯಾಗಿತ್ತು ಅಂತ ಅಂಗಡಿಯವರೇ ತೋರಿಸ್ಲಿ, ಅಂತು ಕೋರ್ಟು. ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಒಪ್ಪಲಿಲ್ಲ ಅನ್ನಿ."

"ಅದಕ್ಕೇ ನಾನು ಮೊದ್ಲು ಕೇಳೋದು ಒರೆಸಿದ ದಾಖಲೆ," ಅಂದರು ನಾಗಣ್ಣ. "ಶೌಚಾಲಯದ ಬಾಗಿಲ ಹಿಂದೆ ನೇತಾಡುತ್ತಲ್ಲ, ಗಂಟೆಗೊಂದು ಸಹಿ ಹಾಕೋ ಹಾಳೆ, ಅಂಥದ್ದು. ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಒಂದೇ ಪೆನ್ನು, ಒಂದೇ ಕೈ, ಒಂದೇ ಉಸಿರಲ್ಲಿ ಹಾಕಿದ ಸಹಿ ಇದ್ರೆ ಆ ಹಾಳೆ ಅಂಗಡೀನ ಉಳಿಸಲ್ಲ, ಮುಳುಗಿಸುತ್ತೆ. ಮಧ್ಯಾಹ್ನ ಮೂರಕ್ಕೆ ನೋಡಿದ್ರೆ ರಾತ್ರಿ ಎಂಟರ ಸಹಿಯೂ ಬಿದ್ದಿರುತ್ತೆ."

"ನೀವಿಬ್ರೂ ನೆಲಾನೇ ನೋಡ್ತಿದ್ದೀರ, ಬಿದ್ದವನನ್ನ ನೋಡಿ," ಎಂದು ವಿಮಲಕ್ಕ ತಡೆದರು. "ಜಾರಿದವರು ಅಂಗೈ ಊರಿ ಬೀಳ್ತಾರೆ. ಹೆಬ್ಬೆರಳ ಬುಡದಲ್ಲಿ ಸ್ಕೇಫಾಯ್ಡ್ ಅಂತ ಒಂದು ಸಣ್ಣ ಮೂಳೆ ಇದೆ. ಅದು ಬಿರುಕು ಬಿಟ್ರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದ್ರೆ ನೋವಿದ್ರೆ ಕೈಗೆ ಪಟ್ಟಿ ಹಾಕಿ, 10-14 ದಿನ ಬಿಟ್ಟು ಮತ್ತೆ ತೆಗೀತೀವಿ. ಅದನ್ನ ಉಳುಕು ಅಂತ ಬಿಟ್ರೆ ರಕ್ತ ಸರಿಯಾಗಿ ಹೋಗದೆ ಮೂಳೆ ಕೂಡದೇ ಇರಬಹುದು. ಈ ಎರಡು ವಾರದೊಳಗೆ ಅಂಗಡಿಯವರು ಒಂದು ಗಿಫ್ಟ್ ಕೂಪನ್ನು ಕೊಟ್ಟು ಕಾಗದಕ್ಕೆ ಸಹಿ ಹಾಕಿಸ್ಕೊಂಡಿದ್ರೆ?"

"ಕೂಪನ್ನಲ್ಲಿ ಮಣಿಕಟ್ಟಿನ ಪಟ್ಟಿ ಕೊಂಡ್ಕೋಬಹುದು," ಅಂದ ಸೀನ.

"ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ಹೆಚ್ಚುತ್ತಿರೋ ತಲೆನೋವು ಇದ್ರೆ ಫೋಟೋ, ಪೆನ್ನು ಎಲ್ಲ ಬಿಟ್ಟು ಆಸ್ಪತ್ರೆಗೆ ಬನ್ನಿ. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು ಲಕ್ಷಣ ಇಲ್ದಿದ್ರೂ ಬನ್ನಿ. ಬಂದ್ಮೇಲೆ 'ಬಿದ್ದೆ' ಅಂದು ಸುಮ್ಮನಾಗ್ಬೇಡಿ. ಎಲ್ಲಿ, ಯಾವಾಗ, ಹೇಗೆ ಅಂತ ಹೇಳಿ, ನಾವು ಬರ್ಕೋತೀವಿ. ಅವಸರದಲ್ಲಿ ಯಾರೋ 'ಮನೆಯಲ್ಲಿ ಬಿದ್ದದ್ದು' ಅಂತ ಗೀಚಿಬಿಟ್ರೆ ಆಮೇಲೆ ಸುಬ್ಬಣ್ಣನ ಅರ್ಧ ಫೀಸು ಅದನ್ನ ತಿದ್ದೋದಕ್ಕೇ ಹೋಗುತ್ತೆ."

"ಪೂರ್ತಿ ಫೀಸು," ಸುಬ್ಬಣ್ಣ ತಿದ್ದಿದರು.

ಸೀನ ಬಿಡುವವನಲ್ಲ. "ಚಪ್ಪಲಿ ಸವೆದಿತ್ತು ಅಂದ್ರೆ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಹಂಗಂತ ನಾಗಣ್ಣ ಬರೆದುಬಿಡ್ತಾರೆ."

"ನೆಲ ಡೊಂಕೋ ಅಲ್ವೋ ಅಂತ ಅಳೆಯೋಕೂ ಸಾಧನ ಇದೆ ಮಗನೇ," ಅಂದರು ನಾಗಣ್ಣ. " ಪೆಂಡುಲಮ್ ಪರೀಕ್ಷೆ. ಗಡಿಯಾರದ ಲೋಲಕದ ಥರ ಒಂದು ತೋಳು, ತುದಿಯಲ್ಲಿ ಹಿಮ್ಮಡಿ ಲೆಕ್ಕದ ರಬ್ಬರು. ಅದು ಬೀಸಿ ಬಂದು ನೆಲ ಸವರಿ ಹೋಗುತ್ತೆ, ನೆಲ ಎಷ್ಟು ಹಿಡೀತು ಅಂತ ಮುಳ್ಳು ತೋರಿಸುತ್ತೆ. ಬ್ರಿಟನ್ನಿನ ಲೆಕ್ಕದಲ್ಲಿ 36 ಅಥವಾ ಮೇಲಿದ್ರೆ ಜಾರೋ ಸಾಧ್ಯತೆ ಕಮ್ಮಿ, 24 ಅಥವಾ ಕೆಳಗಿದ್ರೆ ಹೆಚ್ಚು. ಒಣಗಿದ್ದಾಗ ಸಾಧುವಾಗಿರೋ ಟೈಲ್ಸೇ ಒದ್ದೆಯಾದ್ರೆ 24ರ ಕೆಳಗೆ ಇಳೀಬಹುದು. ಚಪ್ಪಲಿ ಮಾತ್ರ ತೊಳೀಬೇಡ, ಮತ್ತೆ ಹಾಕ್ಕೋಬೇಡ. ಕಾಗದದ ಚೀಲಕ್ಕೆ ಹಾಕಿಡು. ಪ್ಲಾಸ್ಟಿಕ್ಕಾದ್ರೆ ಬೂಷ್ಟು ಹಿಡಿಯುತ್ತೆ. ಅಟ್ಟೆಗೆ ಅಂಟಿದ ಎಣ್ಣೆ, ಮೊಸರು ಎಲ್ಲಾ ಸಾಕ್ಷಿ."

"ಅಯ್ಯೋ, ಹೆಂಡ್ತಿ ಕೇಳ್ತಾಳೆ, ಬೀರುವಿನಲ್ಲಿ ಏನಿದು ಅಂತ!"

"'ಸಾಕ್ಷಿ ನಂಬರ್ 1' ಅನ್ನು," ಎಂದು ಸುಬ್ಬಣ್ಣ ಕಾಲು ಮಡಚಿ ಕೂತರು. "ಈಗ ಪತ್ರದ ವಿಷಯ, ಇದು ತಡ ಮಾಡಿದ್ರೆ ಕೆಟ್ಟಿತು. ಕ್ಯಾಮೆರಾದ ಚಿತ್ರ ತಾನಾಗೇ ಅಳಿಸಿ ಹೋಗುತ್ತೆ. ಕೆಲವು ಕಡೆ ವಾರಕ್ಕೇ, ಕೆಲವು ಕಡೆ ತಿಂಗಳಿಗೆ, ಹಳೇದರ ಮೇಲೆ ಹೊಸದು ಕೂರುತ್ತೆ. ಅದಕ್ಕೆ ಎರಡು-ಮೂರು ದಿನದೊಳಗೆ ಅಂಗಡಿಯ ಮುಖ್ಯ ಕಚೇರಿಗೆ ತಲುಪಿದ್ದಕ್ಕೆ ರಸೀದಿ ಸಿಗೋ ಅಂಚೆಯಲ್ಲಿ ಒಂದು ಪುಟ. ಪರಿಹಾರ ಇಷ್ಟು ಕೊಡಿ ಅಂತ ಈಗ್ಲೇ ಬರೀಬೇಡ. ಇಂಥ ದಿನ, ಇಂಥ ಹೊತ್ತು, ಇಂಥ ಕಪಾಟಿನ ಮುಂದೆ ಬಿದ್ದೆ. ಆ ಜಾಗ ಕಾಣೋ ಕ್ಯಾಮೆರಾದ ಚಿತ್ರಾನ, ನಾನು ಬೀಳೋದಕ್ಕೆ ಒಂದು ಗಂಟೆ ಮುಂಚಿನಿಂದ ಅರ್ಧ ಗಂಟೆ ನಂತರದ ತನಕ, ಅಳಿಸದೆ ಇಡಿ. ಜೊತೆಗೆ ಅವತ್ತಿನ ಒರೆಸಿದ ದಾಖಲೆ. ಅಷ್ಟೇ."

"ಒಂದು ಗಂಟೆ ಮುಂಚಿಂದು ಯಾಕೆ? ನಾನು ಬಿದ್ದಿದ್ದು ತೋರಿಸಿದ್ರೆ ಸಾಲ್ದಾ?"

"ನೀನು ಬಿದ್ದಿದ್ದು ಯಾರೂ ಅಲ್ಲಗಳೆಯಲ್ಲ ಸೀನ. ಮೊಸರು ಬಿದ್ದದ್ದು ಯಾವಾಗ ಅನ್ನೋದೇ ಜಗಳ. ನಮಗೆ ಬೇಕಾಗಿರೋದು ಮೊಸರಿನ ಜೀವನಚರಿತ್ರೆ. ಇನ್ನೊಂದು: ದೊಡ್ಡ ಮಾಲ್ ಆದ್ರೆ ಅಂಗಡಿ ಒಳಗಿನ ನೆಲ ಅಂಗಡಿಯವರದು, ಹೊರಗಿನ ಓಣಿ ಕಟ್ಟಡದವರದು, ಒರೆಸೋರು ಮೂರನೇ ಗುತ್ತಿಗೆದಾರ. ಒಬ್ಬರಿಗೇ ಬರೆದ್ರೆ ಆರು ತಿಂಗಳು ಬಿಟ್ಟು 'ಆ ಜಾಗ ನಮ್ಮದಲ್ಲ' ಅಂತ ಉತ್ತರ ಬರುತ್ತೆ. ಮೂವರಿಗೂ ಕಳಿಸು."

"ದುಡ್ಡಿನ ಮಾತಿಗೆ ಬನ್ನಿ. ಅಮೆರಿಕದಲ್ಲಿ ಒಂದು ಲೋಟ ಕಾಫಿ ಚೆಲ್ಕೊಂಡು ಕೋಟಿಗಟ್ಟಲೆ ಹೊಡೆದ್ರಂತಲ್ಲ!"

"ಆ ಕಥೆಗೆ ಬಾಲ ಇದೆ, ಯಾರೂ ಓದಲ್ಲ. ಕಾಫಿ ಚೆಲ್ಕೊಂಡ ಹೆಂಗಸಿಗೆ 79 ವರ್ಷ. ತೊಡೆಯ ಚರ್ಮ ಪೂರ್ತಿ ಆಳಕ್ಕೆ ಸುಟ್ಟು 8 ದಿನ ಆಸ್ಪತ್ರೆ, ಚರ್ಮ ಕಸಿ. ಕಾಫಿ ಇಡ್ತಿದ್ದದ್ದು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ಮುಂಚೆ ಹೀಗೆ ಸುಟ್ಟ 700ಕ್ಕೂ ಹೆಚ್ಚು ದೂರು ಕಾಫಿ ಮಾರಿದ ಕಂಪನಿಗೆ ಬಂದಿದ್ವು. ಅವರು ಮೊದ್ಲು ಕೇಳಿದ್ದು 20,000 ಡಾಲರು, ಕಂಪನಿ ಕೊಡ್ತೀನಿ ಅಂದದ್ದು 800. 1994ರಲ್ಲಿ ಜ್ಯೂರಿ ನಷ್ಟ 2,00,000 ಡಾಲರು ಅಂತ ಲೆಕ್ಕ ಹಾಕಿ, ತೊಡೆ ನಡುವೆ ಲೋಟ ಇಟ್ಕೊಂಡದ್ದಕ್ಕೆ ನೂರಕ್ಕೆ 20 ಪಾಲು ತಪ್ಪು ನಿಮ್ಮದು ಅಂತ ಕಳೆದು 1,60,000 ಮಾಡ್ತು. ಸುದ್ದಿಯಾದದ್ದು ಮಾತ್ರ ಅದರ ಮೇಲೆ ಕಂಪನಿಗೆ ದಂಡ ಅಂತ ಹೇಳಿದ 27 ಲಕ್ಷ ಡಾಲರು. ಅದನ್ನೂ ಜಡ್ಜ್ 4,80,000ಕ್ಕೆ ಇಳಿಸಿದರು. ಕೊನೆಗೆ ಎರಡೂ ಕಡೆಯವರು ಗುಟ್ಟಾಗಿ ರಾಜಿಯಾದರು."

"ಛೇ," ಅಂದ ಸೀನ. ಕೋಟಿ ಅವನ ಕಣ್ಣೆದುರಲ್ಲೇ ಕರಗಿತ್ತು.

"ಆ 20 ಪಾಲು ನೆನಪಿರ್ಲಿ. ಫೋನು ನೋಡ್ಕೊಂಡು ನಡೀತಿದ್ದೆ, ಬೋರ್ಡು ದಾಟಿ ಹೋದೆ ಅಂದ್ರೆ ನಿನ್ನ ಪಾಲು ಕಳೆದೇ ಕೊಡೋದು. ಅಮೆರಿಕದ ಮೇರಿಲ್ಯಾಂಡ್, ಅಲಬಾಮಾದಂಥ ಒಂದಷ್ಟು ರಾಜ್ಯದಲ್ಲಿ ನಿನ್ನ ತಪ್ಪು ಚೂರು ಇದ್ರೂ ಪೂರ್ತಿ ಸೊನ್ನೆ."

"ಉಳಿದದ್ದು ಲೆಕ್ಕಾಚಾರ," ಎಂದರು ನಾಗಣ್ಣ. "ಆಸ್ಪತ್ರೆ ಬಿಲ್ಲು, ಔಷಧಿ, ಓಡಾಟದ ಖರ್ಚು, ಹೋದ ಸಂಬಳಕ್ಕೆ ಕಚೇರಿಯ ಪತ್ರ. ಮನೆಯವರು ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ನೋಡ್ಕೊಂಡ್ರು ಅನ್ನೋದನ್ನೂ ಡೈರಿಯಲ್ಲಿ ಬರೀರಿ, ಅದಕ್ಕೂ ಬೆಲೆ ಕಟ್ಟೋ ಕಡೆ ಇದೆ. ಮೆಡಿಕಲ್ ಸ್ಟೋರಿನ ರಸೀದಿ ಬಿಸಿಗೆ ಕಪ್ಪಾಗೋ ಕಾಗದದ್ದು, ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತೆ. ತಂದ ದಿನವೇ ಜೆರಾಕ್ಸ್. ಖಾಲಿ ಕಾಗದ ತಂದು ಇದು ಇಂಜೆಕ್ಷನ್ನಿನ ಬಿಲ್ಲು ಅಂತ ಪ್ರಮಾಣ ಮಾಡೋರಿದ್ದಾರೆ."

"ವಿಮೆಯವರು ಫೋನ್ ಮಾಡಿ 'ಹೇಗಿದ್ದೀರಿ' ಅಂದ್ರೆ?"

"'ಚೆನ್ನಾಗಿದ್ದೀನಿ' ಅನ್ನಬೇಡಿ. ಅದು ರೆಕಾರ್ಡ್ ಆಗ್ತಿರುತ್ತೆ."

"ನಾನು ಎಲ್ರಿಗೂ ಹಂಗೇ ಅನ್ನೋದು!"

"ಗೊತ್ತು, ಅದಕ್ಕೇ ಕೇಳೋದು. ಏನಿದ್ರೂ ಬರೆದು ಕಳಿಸಿ ಅನ್ನಿ. ಸೊಂಟ ಹಿಡಿದಿದೆ ಅಂತ ಕ್ಲೇಮ್ ಹಾಕಿ, ಮದುವೆ ಮೆರವಣಿಗೇಲಿ ಕುಣಿದ ವಿಡಿಯೋ ಹಾಕ್ಕೋಬೇಡಿ. ನಾವು ನೋಡ್ತೀವಿ. ಬೇಕಂತ ಬೀಳೋರೂ ಇದಾರೆ. ಅವರು ಬೀಳೋ ಮುಂಚೆ ಒಂದ್ಸಲ ಕ್ಯಾಮೆರಾ ಎಲ್ಲಿದೆ ಅಂತ ತಲೆ ಎತ್ತಿ ನೋಡ್ತಾರೆ. ಆ ಒಂದು ನೋಟ ಸಾಕು, ಪರಿಹಾರದ ಬದಲು ಪೊಲೀಸ್ ಕೇಸು."

ಸೀನ ತಲೆ ಕೆಳಗೆ ಹಾಕಿದ.

"ಸಹಿಯ ವಿಷಯ ಒಂದೇ ಮಾತು," ಅಂದರು ಸುಬ್ಬಣ್ಣ. "'ಪೂರ್ಣ ಮತ್ತು ಅಂತಿಮ' ಅಂತ ಇರೋ ಕಾಗದಕ್ಕೆ ಸಹಿ ಹಾಕಿದ್ರೆ ನಾಳೆ ಆ ಸ್ಕೇಫಾಯ್ಡು ಮುರಿದದ್ದು ಕಂಡ್ರೂ ಬಾಗಿಲು ಮುಚ್ಚಿತು. ಏಟು ಎಲ್ಲಿಗೆ ಬಂದು ನಿಂತಿತು ಅಂತ ಡಾಕ್ಟ್ರು ಬರೆದು ಕೊಟ್ಟ ಮೇಲೇ ರಾಜಿಯ ಮಾತು. ಹಾಗಂತ ನಿದ್ದೆ ಮಾಡ್ಬೇಡ, ಗಡುವು ಇದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಭಾರತದ ಗ್ರಾಹಕ ಆಯೋಗಕ್ಕಾದ್ರೆ 2 ವರ್ಷ. ನಿನ್ನ ಕಡೆ ಎಷ್ಟು ಅಂತ ಮೊದ್ಲು ಕೇಳ್ಕೋ."

ವಿಮಲಕ್ಕ ಹೊರಡಲೆಂದು ಎದ್ದು, ಒಂದು ಕಾಲು ಮುಂದಿಟ್ಟು, ಹಾಗೇ ಹಿಂದಕ್ಕೆ ತೆಗೆದರು. "ಈ ನೀರು ಎಷ್ಟು ಹೊತ್ತಿಂದ ಇದೆ?"

ನಾಗಣ್ಣ ಫೋನು ನೋಡಿದರು. "40 ನಿಮಿಷ. ಇಂಗ್ಲೆಂಡಿನ ಶರಬತ್ತಿಗೆ 15ಕ್ಕೇ ಗತಿ ಕಾಣಿಸಿದ್ರು." ಜೇಬಿನಿಂದ ಪೆನ್ನು ತೆಗೆದು ನೀರಿನ ಪಕ್ಕ ಇಟ್ಟು ಫೋಟೋ ಹೊಡೆದರು.

"ಮನೆ ನಂದು," ಸುಬ್ಬಣ್ಣನ ದನಿ ಇಳಿಯಿತು. "ಚೆಲ್ಲಿದ್ದು ಅವನು."

"ಚೆಲ್ಲಿದ್ದು ನಿಮಗೆ ಗೊತ್ತಿತ್ತಲ್ಲ ಸುಬ್ಬಣ್ಣ? ಕೂತು ನೋಡ್ತಿದ್ರಲ್ಲ?"

"ಒರೆಸ್ತೀನಿ ಅಂತ ಅವನೇ ಹೇಳಿದ್ದ, ನೀವೆಲ್ಲ ಸಾಕ್ಷಿ!"

ಸೀನ ಬಟ್ಟೆ ತರಲು ದಡಬಡಿಸಿ ಎದ್ದ.

"ಓಡ್ಬೇಡ್ವೋ!" ಮೂವರೂ ಒಟ್ಟಿಗೆ ಕೂಗಿದರು.