ಆನರ್ಸ್ ಕ್ಯಾಲ್ಕುಲಸ್: ಟ್ಯೂಷನ್‌ನಲ್ಲಿ ತಿಳಿಯುತ್ತದೆ, ರೂಮಿಗೆ ಬಂದರೆ ಪೆನ್ನೇ ಓಡಲ್ಲ

ಬೆಟಗೇರಿ ಹುಡುಗಿ:

ನಮಸ್ಕಾರ. ನಮ್ಮೂರು ಗದಗ-ಬೆಟಗೇರಿ. ಈಗ ಧಾರವಾಡದಲ್ಲಿ ಬಿಎಸ್ಸಿ ಆನರ್ಸ್, ಗಣಿತ, ಮೊದಲ ವರ್ಷ. ಪಿಯುಸಿಯಲ್ಲಿ ಗಣಿತಕ್ಕೆ 97 ಬಂದಿತ್ತು. ಇಂಟಿಗ್ರೇಷನ್ ಕೊಟ್ಟರೆ ನೋಡುನೋಡುತ್ತಲೇ ಬಿಡಿಸುತ್ತಿದ್ದೆ. ಇಲ್ಲಿ ಯಾರೂ ಲೆಕ್ಕವನ್ನೇ ಕೊಡುವುದಿಲ್ಲ. ಬರೀ "ಸಾಧಿಸಿ, ಸಾಧಿಸಿ". ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 6.

ಸಪ್ತಾಪುರದಲ್ಲಿ ಒಬ್ಬರ ಹತ್ತಿರ ಟ್ಯೂಷನ್‌ಗೆ ಹೋಗುತ್ತಿದ್ದೇನೆ. ಸರ್ ಬೋರ್ಡ್ ಮೇಲೆ ಮುತ್ತಿನ ಹಾಗೆ ಬರೆಯುತ್ತಾರೆ. ಬರೆಯುವಾಗ ಎಲ್ಲಾ ತಿಳಿಯುತ್ತದೆ. ರೂಮಿಗೆ ಬಂದು ಅದೇ ಪ್ರೂಫ್ ಬರೆಯೋಣ ಅಂದರೆ ಮೊದಲ ಸಾಲೇ ಹುಟ್ಟುವುದಿಲ್ಲ. ಉದಾಹರಣೆಗೆ, ಎಕ್ಸ್ 2ರ ಕಡೆ ಹೋದರೆ ಎಕ್ಸ್ ವರ್ಗ 4ರ ಕಡೆ ಹೋಗುತ್ತದೆ ಅಂತ ಸಾಧಿಸಬೇಕು. ಎಕ್ಸ್ ವರ್ಗ 4ರಿಂದ ಎಷ್ಟು ದೂರದೊಳಗೆ ಇರಬೇಕು ಅನ್ನುವುದು ಎಪ್ಸಿಲಾನ್, ಅದಕ್ಕಾಗಿ ಎಕ್ಸ್ 2ರಿಂದ ಎಷ್ಟು ದೂರದೊಳಗೆ ಇರಬೇಕು ಅನ್ನುವುದು ಡೆಲ್ಟಾ. ಸರ್ ಶುರುವಿನಲ್ಲೇ "ಡೆಲ್ಟಾ ಅಂದರೆ 1 ಮತ್ತು ಎಪ್ಸಿಲಾನ್‌ನ ಐದನೇ ಒಂದು ಭಾಗ, ಇವೆರಡರಲ್ಲಿ ಚಿಕ್ಕದು" ಅಂತ ಬರೆದರು. ಆ 1 ಎಲ್ಲಿಂದ ಬಂತು? 5 ಎಲ್ಲಿಂದ ಬಂತು? ಕೇಳಿದರೆ "ಹಾಗೇ ತಗೋಬೇಕಮ್ಮ" ಅಂದರು.

ಟ್ಯೂಷನ್ ಬಿಡಲಾ, ಬೇರೆ ಹುಡುಕಲಾ? ಅಥವಾ ಆನರ್ಸೇ ಬಿಡಲಾ?

ವಿದ್ಯಾಗಿರಿ ಸೀನಿಯರ್:

ತಂಗಿ, ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಡ. ಹಳೇ ಪ್ರಶ್ನೆಪತ್ರಿಕೆ ತೆಗೆದು ನೋಡು, ಬಂದ ಪ್ರೂಫ್‌ಗಳೇ ತಿರುಗಿ ತಿರುಗಿ ಬರುತ್ತವೆ. ಬಾಯಿಪಾಠ ಮಾಡು, ಬರೆದು ಬಾ. ನಾನೂ ಹಾಗೇ ಪಾಸಾದೆ. ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ, ಅಲ್ಲಿ ಎಪ್ಸಿಲಾನ್ ಯಾರೂ ಕೇಳುವುದಿಲ್ಲ.

ಕೆಲಗೇರಿ ಮಾಸ್ತರ:

ಆನರ್ಸ್ ಬಿಡುವ ಮಾತು ಸದ್ಯಕ್ಕೆ ಬೇಡ. "ಆ 1 ಎಲ್ಲಿಂದ ಬಂತು" ಅಂತ ಕೇಳಿದಿರಲ್ಲ, ಅದು ಸರಿಯಾದ ಪ್ರಶ್ನೆ. 97 ತಂದ ಎಷ್ಟೋ ಮಕ್ಕಳು ಅದನ್ನು ಕೇಳುವುದೇ ಇಲ್ಲ. ಕಾಲೇಜಿನಿಂದ ನಿವೃತ್ತನಾದ ಮೇಲೆ ಮನೆಯಲ್ಲೇ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತೇನೆ, ಅದಕ್ಕೇ ಇಷ್ಟು ಸಲುಗೆಯಿಂದ ಹೇಳುತ್ತಿದ್ದೇನೆ.

ಮೊದಲು ಆ 1ರ ವಿಷಯ ಮುಗಿಸೋಣ. ಎಕ್ಸ್ ವರ್ಗದಿಂದ 4 ಕಳೆದರೆ ಏನಾಗುತ್ತದೆ? ಎಕ್ಸ್ ಮೈನಸ್ 2, ಅದಕ್ಕೆ ಎಕ್ಸ್ ಪ್ಲಸ್ 2ರಿಂದ ಗುಣಾಕಾರ. ಎಕ್ಸ್ ಮೈನಸ್ 2 ನಮ್ಮ ಕೈಯಲ್ಲಿದೆ, ಅದನ್ನು ಡೆಲ್ಟಾಗಿಂತ ಚಿಕ್ಕದಾಗಿ ಇಡುವವರು ನಾವೇ. ತೊಂದರೆ ಕೊಡುವುದು ಎಕ್ಸ್ ಪ್ಲಸ್ 2. ಎಕ್ಸ್ ಎಲ್ಲೆಲ್ಲೋ ಓಡಾಡಿದರೆ ಇದೂ ಎಷ್ಟು ಬೇಕಾದರೂ ಬೆಳೆಯುತ್ತದೆ. ಅದಕ್ಕೆ ಬೇಲಿ ಹಾಕಬೇಕು. "ಎಕ್ಸ್ 2ರಿಂದ 1ಕ್ಕಿಂತ ದೂರ ಹೋಗಬಾರದು" ಅಂದುಬಿಟ್ಟರೆ ಎಕ್ಸ್ 1 ಮತ್ತು 3ರ ನಡುವೆ ಸಿಕ್ಕಿಕೊಂಡಿತು. ಆಗ ಎಕ್ಸ್ ಪ್ಲಸ್ 2 ಯಾವತ್ತೂ 5ಕ್ಕಿಂತ ಕಡಿಮೆ. ನಿಮ್ಮ 5 ಇಲ್ಲಿ ಸಿಕ್ಕಿತು. ಒಟ್ಟು ವ್ಯತ್ಯಾಸ ಡೆಲ್ಟಾದ ಐದು ಪಟ್ಟಿಗಿಂತ ಕಡಿಮೆ, ಅದು ಎಪ್ಸಿಲಾನ್ ಮೀರಬಾರದು, ಹಾಗಾಗಿ ಡೆಲ್ಟಾ ಎಪ್ಸಿಲಾನ್‌ನ ಐದನೇ ಒಂದು ಭಾಗ ಇದ್ದರೆ ಸಾಕು. ಬೇಲಿಯನ್ನೂ ಮರೆಯಬಾರದು, ಅದಕ್ಕೇ "ಎರಡರಲ್ಲಿ ಚಿಕ್ಕದು".

ಇನ್ನು ಆ 1? ಸುಮ್ನೆ ಇಟ್ಟಿದ್ದು. ಅರ್ಧ ಇಟ್ಟರೂ ನಡೆಯುತ್ತದೆ, ಆಗ 5ರ ಜಾಗದಲ್ಲಿ 4.5 ಬರುತ್ತದೆ. ಬೇಕಾದರೆ 100 ಇಡಿ, 104 ಬರುತ್ತದೆ. ಪ್ರೂಫ್ ಚೆಂದ ಕಾಣಲಿಕ್ಕಿಲ್ಲ, ಆದರೆ ತಪ್ಪಲ್ಲ. ಇದನ್ನು ನಿಮ್ಮ ಕೈಯಾರೆ ಮಾಡಿ ನೋಡಿದ ದಿನ ಆ ಸಾಲಿನ ಭಯ ಹೋಗುತ್ತದೆ.

ನಿಮ್ಮ ಸರ್ ಹೇಳಿದ್ದು ಸುಳ್ಳಲ್ಲ, ಆದರೆ ಅವರು ಕೊನೆಯ ಪ್ರತಿಯನ್ನು ಮಾತ್ರ ತೋರಿಸಿದ್ದಾರೆ. ಪ್ರೂಫ್ ಹುಡುಕುವುದು ಹಿಂದಿನಿಂದ ಮುಂದಕ್ಕೆ, ಬರೆಯುವುದು ಮುಂದಿನಿಂದ ಹಿಂದಕ್ಕೆ. ರಫ್ ಹಾಳೆಯಲ್ಲಿ ಡೆಲ್ಟಾ ಕೊನೆಗೆ ಸಿಗುತ್ತದೆ, ಫೇರ್ ಹಾಳೆಯಲ್ಲಿ ಅದೇ ಮೊದಲ ಸಾಲು. ರಫ್ ಹಾಳೆ ತೋರಿಸದ ಟ್ಯೂಷನ್ ಈ ವಿಷಯಕ್ಕೆ ಉಪಯೋಗವಿಲ್ಲ. ಸೀದಾ ಹೇಳುತ್ತೇನೆ, ಬೋರ್ಡಿನಿಂದ ಇಳಿಸಿಕೊಳ್ಳುವುದಕ್ಕೆ ಫೀ ಕಟ್ಟಬೇಡಿ.

ನನ್ನಲ್ಲಿ ಚಾಕ್ ಮಕ್ಕಳ ಕೈಯಲ್ಲೇ ಇರುತ್ತದೆ. ರೂಮಿನಲ್ಲಿ ಅರ್ಧಕ್ಕೆ ನಿಂತ ಪ್ರೂಫ್ ತರಬೇಕು, ಬರಿಗೈಯಲ್ಲಿ ಬಂದರೆ ಚಹಾ ಕುಡಿದು ವಾಪಸ್. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು, ನಾನು "ಯಾಕೆ?" ಅಂತೇನೆ, ಅಷ್ಟೇ. ಬಹಳ ಸಲ ಓದುವಾಗಲೇ ಅವರ ನಾಲಿಗೆ ತಡೆಯುತ್ತದೆ, ನಾನು ಕೇಳುವ ಪ್ರಮೇಯವೇ ಬರುವುದಿಲ್ಲ. ನಿಮ್ಮ ಸರ್‌ಗೂ ಹೀಗೇ ಕೇಳಿ ನೋಡಿ: "ಸರ್, ನಾನು ಬರೆದದ್ದನ್ನು ತಿದ್ದುತ್ತೀರಾ?" ಒಪ್ಪಿದರೆ ಅಲ್ಲೇ ಇರಿ. ಇಲ್ಲದಿದ್ದರೆ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಸಂಶೋಧನೆ ಮಾಡುವವರನ್ನು ವಿಚಾರಿಸಿ. ಸಪ್ತಾಪುರದ ಬೋರ್ಡುಗಳು ಹೆಚ್ಚಿನವು ಕೆಎಎಸ್, ಪಿಎಸ್‌ಐ ಪರೀಕ್ಷೆಗಳವು. ಅಲ್ಲಿ ಪ್ರೂಫ್ ಹೇಳುವವರು ಸಿಗುವುದು ಕಷ್ಟ.

ಸೀನಿಯರ್ ಹೇಳಿದ ಬಾಯಿಪಾಠವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಡೆಫಿನಿಷನ್‌ಗಳು ಅಕ್ಷರ ಬಿಡದೆ ಬಾಯಿಗೆ ಬರಬೇಕು, ಅದರಲ್ಲಿ ರಾಜಿ ಇಲ್ಲ. ಅದರಲ್ಲೂ "ಪ್ರತಿಯೊಂದಕ್ಕೂ" ಮತ್ತು "ಒಂದಾದರೂ ಇದೆ" ಯಾವ ಸಾಲಿನಲ್ಲಿ ನಿಂತಿವೆ ಎನ್ನುವುದು. ಧಾರವಾಡದ ಹಳೇ ಬಸ್ ನಿಲ್ದಾಣದಲ್ಲಿ ನಿಂತು "ಪ್ರತಿ ಊರಿಗೂ ಒಂದು ಬಸ್ ಇದೆ" ಅನ್ನಿ, ಸರಿ. "ಒಂದು ಬಸ್ ಇದೆ, ಅದು ಪ್ರತಿ ಊರಿಗೂ ಹೋಗುತ್ತದೆ" ಅನ್ನಿ, ಕಂಡಕ್ಟರ್ ನಗುತ್ತಾನೆ. ಕಂಟಿನ್ಯೂಟಿಗೂ (ಗೆರೆ ಎಲ್ಲೂ ತುಂಡಾಗದಿರುವುದು) ಯೂನಿಫಾರ್ಮ್ ಕಂಟಿನ್ಯೂಟಿಗೂ ಇರುವ ವ್ಯತ್ಯಾಸ ಇಷ್ಟೇ. ಮೊದಲನೆಯದರಲ್ಲಿ ಒಂದೊಂದು ಬಿಂದುವಿಗೆ ಒಂದೊಂದು ಡೆಲ್ಟಾ, ಎರಡನೆಯದರಲ್ಲಿ ಎಲ್ಲಕ್ಕೂ ಸೇರಿ ಒಂದೇ. ಸೊನ್ನೆ ಮತ್ತು 1ರ ನಡುವೆ 1 ಭಾಗ ಎಕ್ಸ್ ತೆಗೆದುಕೊಂಡರೆ ಆ ಒಂದೇ ಡೆಲ್ಟಾ ಸಿಗುವುದಿಲ್ಲ.

ಥಿಯರಮ್ ಓದುವಾಗ ಇನ್ನೊಂದು ಅಭ್ಯಾಸ ಇಟ್ಟುಕೊಳ್ಳಿ: ಕೊಟ್ಟ ಷರತ್ತು ಯಾವ ಸಾಲಿನಲ್ಲಿ ಕೆಲಸಕ್ಕೆ ಬಂತು ಅಂತ ಹುಡುಕಿ. ಇಂಟರ್‌ಮೀಡಿಯೆಟ್ ವ್ಯಾಲ್ಯೂ ಥಿಯರಮ್, ಅಂದರೆ ಋಣದಿಂದ ಧನಕ್ಕೆ ತುಂಡಾಗದೆ ಹೋಗುವ ಗೆರೆ ನಡುವೆ ಎಲ್ಲಾದರೂ ಸೊನ್ನೆ ಮುಟ್ಟಲೇಬೇಕು ಅನ್ನುವುದು, ಅದರ ಚಿತ್ರ ನೋಡಿದರೆ "ಇದಕ್ಕೂ ಪ್ರೂಫ್ ಬೇಕಾ" ಅನ್ನಿಸುತ್ತದೆ, ಅಲ್ವಾ? ರ‍್ಯಾಷನಲ್ ಸಂಖ್ಯೆಗಳನ್ನು (ಭಿನ್ನರಾಶಿಯಾಗಿ ಬರೆಯಬಹುದಾದವು) ಮಾತ್ರ ಇಟ್ಟುಕೊಂಡು ಎಕ್ಸ್ ವರ್ಗ ಮೈನಸ್ 2 ನೋಡಿ. 1ರಲ್ಲಿ ಅದು ಋಣ, 2ರಲ್ಲಿ ಧನ, ನಡುವೆ ಎಲ್ಲೂ ಸೊನ್ನೆಯಾಗುವುದೇ ಇಲ್ಲ. ರಿಯಲ್ ಸಂಖ್ಯೆಗಳ ಕಂಪ್ಲೀಟ್‌ನೆಸ್ (ನಡುವೆ ಎಲ್ಲೂ ತೂತು ಇಲ್ಲದಿರುವ ಗುಣ) ಬಳಸದೆ ಆ ಥಿಯರಮ್ ನಿಲ್ಲುವುದಿಲ್ಲ. ಪ್ರಾಗ್ ನಗರದ ಗಣಿತಜ್ಞ ಬೊಲ್ಜಾನೊ ಇದಕ್ಕೆ ಚಿತ್ರ ಸಾಲದು, ಪ್ರೂಫ್ ಬೇಕು ಅಂತ ಪಟ್ಟು ಹಿಡಿದು ಬರೆದದ್ದು 1817ರಲ್ಲಿ. ನ್ಯೂಟನ್, ಲೈಬ್ನಿಟ್ಸ್ ಕ್ಯಾಲ್ಕುಲಸ್ ಕಟ್ಟಿ ಆಗಲೇ ನೂರು ವರ್ಷದ ಮೇಲಾಗಿತ್ತು. ನಿಮಗೆ ಒಂದು ಸೆಮಿಸ್ಟರ್‌ನಲ್ಲಿ ತಿಳಿಯಲಿಲ್ಲ ಅಂತ ಅಳಬೇಡಿ.

ಒಂದು ಕೆಲಸ ಕೊಡುತ್ತೇನೆ. ಎಕ್ಸ್ 2ರ ಕಡೆ ಹೋದಾಗ ಎಕ್ಸ್ ಘನ 8ರ ಕಡೆ ಹೋಗುತ್ತದೆ. ಬೇಲಿ 1 ಇಡಿ. ಮಾಡಿ ಇಲ್ಲೇ ಬರೆಯಿರಿ.

ಹುಬ್ಬಳ್ಳಿ-ಧಾರವಾಡ ಚಿಗರಿ ಪಾಸ್:

ಮಾಸ್ತರ ಹೇಳಿದ "ಗಟ್ಟಿಯಾಗಿ ಓದು" ನನಗೂ ಕೆಲಸ ಮಾಡಿತು. ನಾನು ದಿನಾ ಹುಬ್ಬಳ್ಳಿಯಿಂದ ಬರುವವನು. ಗೆಳೆಯನೂ ನಾನೂ ಚಿಗರಿ ಬಸ್ಸಿನಲ್ಲೇ ಒಬ್ಬರಿಗೊಬ್ಬರು ಪ್ರೂಫ್ ಹೇಳುತ್ತಿದ್ದೆವು, ಪುಸ್ತಕ ಬ್ಯಾಗಿನಲ್ಲಿ. ಪಕ್ಕದ ಸೀಟಿನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಎನ್‌ಪಿಟೆಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ರಿಯಲ್ ಅನಾಲಿಸಿಸ್, ಅಂದರೆ ಇದೇ ವಿಷಯದ, ಪಾಠಗಳು ಪುಕ್ಕಟೆ ಸಿಗುತ್ತವೆ. ಆದರೆ ವಿಡಿಯೋ ನಿಲ್ಲಿಸಿ ಮುಂದಿನ ಸಾಲು ನೀವೇ ಬರೆಯದಿದ್ದರೆ ಅದೂ ಬೋರ್ಡ್ ನೋಡಿದ ಹಾಗೇ.

ಬೆಟಗೇರಿ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಸರ್‌ಗೆ ಕೇಳಿದೆ. "ತಿದ್ದುತ್ತೇನೆ, ಆದರೆ ಬ್ಯಾಚ್ ಮುಗಿದ ಮೇಲೆ ಬಾ" ಅಂದರು. ನೋಡೋಣ.

ಮಾಸ್ತರ, ಎಕ್ಸ್ ಘನ ಮಾಡಿದೆ. ಎಕ್ಸ್ ಮೈನಸ್ 2 ಹೊರಗೆ ತೆಗೆದರೆ ಉಳಿಯುವುದು ಎಕ್ಸ್ ವರ್ಗ ಪ್ಲಸ್ 2 ಎಕ್ಸ್ ಪ್ಲಸ್ 4. ಎಕ್ಸ್ 3ಕ್ಕಿಂತ ಕಡಿಮೆ, ಹಾಗಾಗಿ ಇದು 9, 6, 4 ಕೂಡಿಸಿದ 19ಕ್ಕಿಂತ ಕಡಿಮೆ. ಡೆಲ್ಟಾ ಅಂದರೆ 1 ಮತ್ತು ಎಪ್ಸಿಲಾನ್‌ನ ಹತ್ತೊಂಬತ್ತನೇ ಒಂದು ಭಾಗ, ಎರಡರಲ್ಲಿ ಚಿಕ್ಕದು. ಸರಿನಾ?

ಕೆಲಗೇರಿ ಮಾಸ್ತರ:

ಸರಿ. ಎಕ್ಸ್ 1ಕ್ಕಿಂತ ಜಾಸ್ತಿ ಅನ್ನುವುದನ್ನೂ ಬರೆಯಿರಿ, ಇಲ್ಲದಿದ್ದರೆ ಎಕ್ಸ್ ವರ್ಗ 9ಕ್ಕಿಂತ ಕಡಿಮೆ ಅಂತ ಹೇಗೆ ಹೇಳಿದಿರಿ ಅಂತ ಯಾರಾದರೂ ಕೇಳುತ್ತಾರೆ. ಈಗ ಎಕ್ಸ್ 1ರ ಕಡೆ ಹೋದಾಗ 1 ಭಾಗ ಎಕ್ಸ್ ಕೂಡ 1ರ ಕಡೆ ಹೋಗುತ್ತದೆ ಅಂತ ಸಾಧಿಸಿ. ಬೇಲಿ ಎಷ್ಟಾದರೂ ಇಡಬಹುದು ಅಂದಿದ್ದೆನಲ್ಲ, ಇಲ್ಲಿ 1 ಇಟ್ಟರೆ ಕೈಕೊಡುತ್ತದೆ. ಯಾಕೆ ಅಂತಲೂ ಬರೆಯಿರಿ.